ಗವಂತಿಯ ಒಂದು ಸಾಲು

ಆವತ್ತು ರೈಲಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗುತ್ತಿತ್ತು. ಎದುರಿಗಿದ್ದ ಹೆಣ್ಣುಮಗಳು, ಮಗಳ ಸೀಮಂತಕ್ಕೆಂದು ತಂದಿದ್ದ ಕರಿ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದಳು. ನೋಡಿ ನೋಡಿ ಅಂದೆ, "ಇದರಾಗೇನೈತಿ ತಂಗಿ? ಸೂಜಿ ಹಾಕೂದು, ತಗಿಯೂದು."

"ಹಂಗಾರ ನೀವ ಒಂದ್ ಸಾಲು ಹಾಕ್ರಿ ಅಣ್ಣಾರ," ಎಂದು ಸೀರೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟಳು.

ಆಕೆ ತೋರಿಸಿದ್ದು ಗವಂತಿ, ಎಲ್ಲಕ್ಕಿಂತ ಸುಲಭದ ಹೊಲಿಗೆ. ಬಿಟ್ಟು ಬಿಟ್ಟು ಹೊಲಿಯುತ್ತ ಹೋಗಬೇಕು, ಹೊಳ್ಳಿ ಬರುವಾಗ ಬಿಟ್ಟ ಜಾಗ ತುಂಬಬೇಕು. ಸೆರಗನ್ನು ತೊಡೆಯ ಮೇಲೆ ಹರವಿಕೊಂಡು, ಹೋಗುವ ಸಾಲು ಮುಗಿಸಿ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಆಕೆ ಇಳಿಯಬೇಕಾದ ಗುಡಗೇರಿ ಬಂತು. ಎದ್ದು ಸೀರೆ ಎಳೆದಳು. ಅದರ ಜೊತೆ ನನ್ನ ಪೈಜಾಮವೂ ಎದ್ದಿತು.

ಬೋಗಿಯ ಮಂದಿಯೆಲ್ಲ ನಕ್ಕರು. "ಕತ್ತರಿಸಿಬಿಡು ತಂಗಿ" ಅಂದೆ.

"ಕಸೂತಿಗೆ ಗಂಟು ಹಾಕಂಗಿಲ್ರಿ. ದಾರ ಕತ್ತರಿಸಿದ್ರ ನಾ ಹಾಕಿದ್ದೂ ಬಿಚ್ಚಿ ಹೋಗ್ತೈತಿ."

ಪರಗಂಡಸಿನ ತೊಡೆಗೆ ಆಕೆ ಕೈ ಹಚ್ಚುವಂತಿರಲಿಲ್ಲ. ಆಕೆ ದೂರ ನಿಂತು ಹೇಳಿದಳು, ನಾನು ಬೆವರುತ್ತ ಒಂದೊಂದೇ ಹೊಲಿಗೆ ಬಿಚ್ಚಿದೆ. ಮುಗಿಯುವಷ್ಟರಲ್ಲಿ ಗುಡಗೇರಿ ಹಿಂದೆ ಉಳಿದಿತ್ತು.

ಮುಂದಿನ ಸ್ಟೇಷನ್ನಿನಲ್ಲಿ ಆಕೆ ಇಳಿದಳು. ನನಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಚಲೋ ಇತ್ತು. "ಇರ್ಲಿ ಬಿಡ್ರಿ ಅಣ್ಣಾರ, ಸಾಲು ಅಗದಿ ನೆಟ್ಟಗ ಬಂದಿತ್ತು" ಎಂದು ಹೋದಳು.

ಈಗ ಯಾರ ಕೆಲಸ ನೋಡಿದರೂ, "ಇದರಾಗೇನೈತಿ" ಎನ್ನುವ ಮೊದಲು ಒಮ್ಮೆ ತೊಡೆ ಸವರಿ ನೋಡಿಕೊಳ್ಳುತ್ತೇನೆ.