ಹಸಿರು ಖಣ ಹೊದ್ದ ಟಿವಿ

ಹುಲಿಗೆಮ್ಮ, ಆ ಟಿವಿ ನಮ್ಮದು. ಅರಳಿ ಕಟ್ಟೆಯ ಮೇಲೆ ಅದನ್ನು ತಂದು ಇಡಿಸಿದವಳು ನಾನು. ಅದರ ಮುಖಕ್ಕೆ ವಿಭೂತಿ ಹಚ್ಚಿದ್ದು, ಕುಂಕುಮ ಇಟ್ಟದ್ದು, ಹಸಿರು ಖಣ ಹೊದಿಸಿದ್ದು — ಎಲ್ಲ ಈ ಕೈಗಳೇ. ನಾಲ್ಕು ವರ್ಷ ಈ ಮಾತು ನನ್ನಲ್ಲೇ ಉಳಿದಿತ್ತು. ನಿನಗೆ ಓದು ಬಾರದು, ಮಗಳ ಕೈಲಿ ಓದಿಸಿಕೊಳ್ಳುತ್ತೀ. ಅವಳೂ ಕೇಳಲಿ. ಅವಳು ಬಸುರಿಯಿದ್ದಾಗ ಮಾಡಿದ ಕುಬಸದ ದಿನ ನೀನು ನನ್ನ ಉಡಿಗೆ ಹಾಕಿದ ಕುಪ್ಪಸದ ಖಣವೇ ಅದು.

ಮೊದಲಿನಿಂದ ಹೇಳುತ್ತೇನೆ. ಸುತ್ತು ಬಳಸಿ ತಪ್ಪಿಸಿಕೊಳ್ಳಲಿಕ್ಕಲ್ಲ, ಒಂದನ್ನೂ ಬಿಡಬಾರದು ಎಂದು.

ಆ ಟಿವಿ ಕುಷ್ಟಗಿಯ ನನ್ನ ತವರಿನಿಂದ ನನ್ನ ಜೊತೆಗೇ ಬಂದದ್ದು. ಬೆನ್ನಿಗೆ ಗೂನು ಇದ್ದಂಥ ದೊಡ್ಡ ಡಬ್ಬಾ ಟಿವಿ. ಎತ್ತಲು ಇಬ್ಬರು ಬೇಕು. ನಮ್ಮಪ್ಪ ಅದನ್ನು ಗಾದಿಯಲ್ಲಿ ಸುತ್ತಿ, ಟ್ರ್ಯಾಕ್ಟರಿನಲ್ಲಿ ಕೊಪ್ಪಳದವರೆಗೆ ಅಪ್ಪಿಕೊಂಡೇ ಕುಳಿತು ಬಂದಿದ್ದ. ಆಯುಧ ಪೂಜೆಯ ದಿನ ಈಳಿಗೆ, ಶಾವಿಗೆ ಮಷಿನ್ನು, ಗಾಡಿಗಳ ಸಾಲಿನಲ್ಲಿ ಅದಕ್ಕೂ ವಿಭೂತಿ ಬೀಳುತ್ತಿತ್ತು. ನಮ್ಮ ಅತ್ತೆ ಅದಕ್ಕೊಂದು ದಾಸವಾಳ ಏರಿಸಿ ಹೇಳುತ್ತಿದ್ದರು: “ಅಕಿನೂ ನಿನ್ನ ಜೋಡಿ ಬಂದಾಕಿ, ಗಿರಿಜಾ. ಎಂದಾದ್ರೂ ಹೊರಗ ಕಳಸೂದು ಬಂದ್ರ ಬರೇ ಕೈಲೆ ಕಳಸಬ್ಯಾಡ.” ನಗುತ್ತಲೇ ಹೇಳುತ್ತಿದ್ದರು. ನಾನೂ ನಕ್ಕಿದ್ದೆ.

ಅತ್ತೆಯ ಕೊನೆಯ ವರ್ಷದಲ್ಲಿ ಟಿವಿ ಕೆಟ್ಟಿತು. ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಮತ್ತೆ ಮುಚ್ಚಿದ. ಆದರೆ ಅತ್ತೆ ನೋಡುವುದನ್ನು ಬಿಡಲಿಲ್ಲ. ಊಟವಾದ ಮೇಲೆ ಹೊರಸಿನ ಮೇಲೆ ಸೆರಗು ಹೊದ್ದು ಕುಳಿತು, ಆ ಕಪ್ಪು ಗಾಜನ್ನೇ ದಿಟ್ಟಿಸುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕರೆದು, ಒಳಗೆ ಮಂದಿ ಬಂದು ಕುಳಿತಿದ್ದಾರೆ, ಚಹಾ ಇಡು ಎಂದರು. ವಯಸ್ಸು, ಅರಳುಮರಳು — ಅಂದುಕೊಂಡೆ. ಆದರೂ ಒಂದು ಕಪ್ಪು ಹೆಚ್ಚು ಚಹಾ ಮಾಡಿದೆ. ಯಾಕೆ ಮಾಡಿದೆನೋ — ಇವತ್ತಿಗೂ ತಿಳಿಯದು.

ಅವರು ತೀರಿಕೊಂಡು ತಿಂಗಳಾಗಿತ್ತು. ನಡುಮಧ್ಯಾಹ್ನ ಕಸ ಗುಡಿಸುತ್ತಿದ್ದೆ. ಬಗ್ಗಿದವಳು ತಲೆ ಎತ್ತಿದೆ. ಟಿವಿಯ ಗಾಜಿನಲ್ಲಿ ನಮ್ಮ ಪಡಸಾಲೆ ಕಾಣುತ್ತಿತ್ತು — ಬಾಗಿಲಿನ ಬೆಳಕು, ಕಂಬ, ಹೊರಸು, ಹೊರಸಿನ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸು. ತಿರುಗಿ ನೋಡಿದೆ. ಹೊರಸು ಅಲ್ಲಿರಲಿಲ್ಲ. ದಿನಕರ್ಮ ಮುಗಿದ ಮಾರನೆಯ ದಿನವೇ ಅದನ್ನು ಯಾರಿಗೋ ಕೊಟ್ಟಿದ್ದೆವು.

ಹುಲಿಗೆಮ್ಮ, ನಾನು ಕಂಡದ್ದು ನಿಜ ಎಂದು ಆಣೆ ಮಾಡಲಾರೆ. ಹೆದರಿದ್ದು ಮಾತ್ರ ನಿಜ. ಟಿವಿಗೆ ಹಳೆಯ ಹಾಸಿಗೆ ಹೊದಿಕೆ ಹಾಕಿದೆ. ಅದು ಜಾರುತ್ತಿತ್ತು. ಮತ್ತೆ ಹಾಕಿದರೆ ಮತ್ತೆ ಜಾರುತ್ತಿತ್ತು. ಗಾಜು ನುಣುಪು, ಜಾರದೆ ಏನು ಮಾಡೀತು ಎಂದರು ನಮ್ಮ ಯಜಮಾನರು.

ಕಳಿಸಬೇಕೆಂದರೆ ಅದು ಹೋಗಲೊಲ್ಲದು. ಗಂಗಾವತಿಯಲ್ಲಿ ಗೋಡೆಗೆ ತೂಗುಹಾಕುವ ಹೊಸ ಟಿವಿ ಕೊಂಡಾಗ, ಹಳೆಯದನ್ನು ತೆಗೆದುಕೊಳ್ಳುತ್ತೀರೇನು ಎಂದು ಅಂಗಡಿಯವನನ್ನು ಕೇಳಿದೆವು. ಗೂನು ಇರುವ ಟಿವಿ ಪುಕ್ಕಟೆ ಕೊಟ್ಟರೂ ಬೇಡ ಎಂದ. ಕಸದ ಗಾಡಿಯವನು ಅದನ್ನು ಸುತ್ತು ಹಾಕಿ ನೋಡಿ, “ಅಕ್ಕಾರ, ನಾವು ಹಸಿ ಕಸ, ಒಣ ಕಸ ಎರಡ ತಗೋತೀವ್ರಿ. ಇದು ಹಸೀನೂ ಅಲ್ಲ, ಒಣಾನೂ ಅಲ್ಲ” ಎಂದು ನಕ್ಕು ಹಾಡು ಹಚ್ಚಿಕೊಂಡು ಹೋದ. ಕಡೆಗೆ ಗುಜರಿಯವನು ಒಪ್ಪಿದ. ತಳ್ಳುಗಾಡಿಯ ಮೇಲೆ ಹೇರಿಕೊಂಡು ಹೊರಟಾಗ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕುಳಿತು ನೋಡಿದರು. ಅವತ್ತು ಸಂಜೆ ದೀಪ ಹಚ್ಚಿ ಬೆರಳು ಮಡಿಸಿದೆ.

ನನ್ನ ರೂಢಿ ನಿನಗೆ ಗೊತ್ತು. ದಿನಾ ದೀಪದ ಮುಂದೆ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುತ್ತೇನೆ — ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಗಾಡಿ ಹೊಡೆಯಲು ಹೋದವರು ಸುಖವಾಗಿ ಬಂದರು. ಅವತ್ತು ಟಿವಿ ಹೋದದ್ದನ್ನೂ ಎಣಿಸಿದೆ.

ಎರಡು ದಿನ ಬಿಟ್ಟು, ಓಣಿಯೆಲ್ಲ ಮಲಗಿದ್ದ ಮಧ್ಯಾಹ್ನ, ಗುಜರಿಯವನು ಅದನ್ನು ಮರಳಿ ತಂದ. ತಾಮ್ರ ಬಿಚ್ಚಿಕೊಂಡರೆ ಗಾಜು ಉಳಿಯುತ್ತದೆ, ಒಡೆದರೆ ವಿಷ ಅನ್ನುತ್ತಾರೆ, ಯಾರೂ ತೆಗೆದುಕೊಳ್ಳುವುದಿಲ್ಲ ಎಂದ. ಇಳಿಸಿದ ಮೇಲೆ ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದ: “ನಮ್ಮಾಕಿ ಮನ್ಯಾಗ ಇಡಗೊಡವಲ್ಲಳ್ರಿ. ಅದರ ಮುಂದ ಯಾರೋ ಕುಂತಂಗ ಆಗತೈತಿ ಅಂತಾಳ.”

ನಾನು ಅವನಿಗೆ ಏನನ್ನೂ ಹೇಳಿರಲಿಲ್ಲ, ಹುಲಿಗೆಮ್ಮ. ಒಂದು ಶಬ್ದವನ್ನೂ.

ಆಗ ನನಗೆ ಅರಳಿ ಕಟ್ಟೆ ನೆನಪಾಯಿತು. ಗಾಜು ಒಡೆದ ದೇವರ ಫೋಟೋಗಳನ್ನು, ಗೆದ್ದಲು ಹಿಡಿದ ಚೌಕಟ್ಟುಗಳನ್ನು ಎಲ್ಲರೂ ಅಲ್ಲಿಯೇ ತಂದು ಇಡುವುದು. ಪೂಜೆ ಕಂಡ ವಸ್ತುವನ್ನು ತಿಪ್ಪೆಗೆ ಎಸೆಯಬಾರದು. ಈ ಟಿವಿಯೂ ವರ್ಷವರ್ಷ ಪೂಜೆ ಕಂಡದ್ದಲ್ಲವೇ? ಕಟ್ಟೆಯ ಎದುರಿಗೇ ನಿನ್ನ ಮನೆ ಇದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಯಜಮಾನರು ಗಾಡಿ ಹೊಡೆಯುವ ಗಂಗಾವತಿಯ ಅಕ್ಕಿ ಮಿಲ್ಲಿಗೆ ಅಮಾವಾಸ್ಯೆಯ ರಜೆ. ಅವರ ಗಾಡಿ ಅವತ್ತೊಂದೇ ದಿನ ಖಾಲಿ. ದಿನ ಯಾವುದೆಂದು ನನಗೆ ಗೊತ್ತಿತ್ತು. ನಾನು ಪಂಚಾಂಗ ನೋಡದೆ ಹೆಜ್ಜೆ ಇಡುವವಳಲ್ಲ. ಗೊತ್ತಿದ್ದೂ — ಮನೆಯಿಂದ ಹೋದರೆ ಸಾಕಾಗಿತ್ತು.

ಕಳಿಸುವ ಮೊದಲು ಅತ್ತೆಯ ಮಾತು ಅಡ್ಡ ಬಂತು. ಬರೇ ಕೈಲೆ ಕಳಸಬ್ಯಾಡ. ತವರಿಂದ ಹೊರಡುವ ಹೆಣ್ಣುಮಗಳಿಗೆ ತುಂಬುವಂತೆ ಅದಕ್ಕೆ ಉಡಿ ತುಂಬಿದೆ — ಅಕ್ಕಿ, ಅರಿಶಿನ ಕೊಂಬು, ಐದು ಎಲೆ, ಅಡಿಕೆ, ಒಂದು ಕಾಯಿ. ಖಣಕ್ಕೆಂದು ಪೆಟ್ಟಿಗೆಗೆ ಕೈ ಹಾಕಿದೆ. ಮೇಲೆ ಸಿಕ್ಕದ್ದು ನಿನ್ನ ಹಸಿರು ಖಣ, ಕೆಂಪು ದಡಿಯದು. ಒಬ್ಬರು ಕೊಟ್ಟ ಖಣವನ್ನು ಇನ್ನೊಬ್ಬರಿಗೆ ದಾಟಿಸುವುದು ನಮ್ಮೆಲ್ಲರ ರೂಢಿಯೇ. ಎರಡನೆಯ ಸಲ ನೋಡಲಿಲ್ಲ. ಗಾಜಿನ ಮೇಲೆ ಹೊದಿಸಿ, ಜಾರದಂತೆ ಹಿಂದೆ ಗಂಟು ಹಾಕಿದೆ. ನಸುಕಿನಲ್ಲಿ ಇಬ್ಬರೂ ಸೇರಿ ಇಳಿಸಿ ಬಂದೆವು. ಬರುವಾಗ ಯಜಮಾನರು, ಅಮಾವಾಸ್ಯೆಯಲ್ಲವೇ ಎಂದು, ಗಾಡಿಯ ಮುಂದೆ ಕಟ್ಟಿದ್ದ ಹಳೆಯ ನಿಂಬೆಹಣ್ಣು ಮೆಣಸಿನಕಾಯಿಯ ಸರ ಕಿತ್ತು ಅಲ್ಲಿಯೇ ಒಗೆದರು.

ಕಟ್ಟೆಯ ಮೇಲೆ ಓಣಿಗೆ ಏನು ಕಂಡಿತು ಎಂದು ಈಗ ಯೋಚಿಸಿ ನೋಡುತ್ತೇನೆ. ಅಮಾವಾಸ್ಯೆ. ಮುಸುಕು ಹಾಕಿದ ಒಂದು ಮುಖ. ಅಕ್ಕಿ, ಕುಂಕುಮ, ನಿಂಬೆಹಣ್ಣು. ಅದು ಮಾಟವಲ್ಲದೆ ಬೇರೇನು?

ಎರಡನೆಯ ದಿನಕ್ಕೆ ನಮ್ಮ ಓಣಿಯ ನೀಲಮ್ಮನವರ ಎಮ್ಮೆ ಸತ್ತಿತು. ಹಿಂಡುವ ಎಮ್ಮೆ, ಸಂಜೆ ಮೇವು ತಿಂದದ್ದು ಬೆಳಿಗ್ಗೆ ಏಳಲಿಲ್ಲ. ಅವರು ಅಳುತ್ತ ನೇರ ಕಟ್ಟೆಗೆ ಬಂದರು, ಹಿಂದೆ ನಾವೆಲ್ಲ. ಖಣದ ತುದಿ ಹಿಡಿದು ನೋಡಿದ ನೀಲಮ್ಮನವರು ನಿನ್ನ ಬಾಗಿಲಿಗೆ ತಿರುಗಿದರು.

“ಇದು ನಿನ್ನ ಮನಿ ಖಣ, ಹುಲಿಗೆವ್ವ. ಮಗಳ ಕುಬಸದಾಗ ಐದು ಮಂದಿಗೆ ಉಡಿ ತುಂಬಿದ್ದಿ. ಆರನೇದು ಇಟಗೊಂಡಿದ್ದೇನ ಇದಕ್ಕ?”

ಮಾರಾಟದ ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ನೀನು ಹೊರಗೆ ಬಂದೆ. ಐದೇ ತಂದಿದ್ದೆ ಎಂದೆ. ನಸುಕಿನಲ್ಲಿ ಗಾಡಿಯ ಸಪ್ಪಳ ಕೇಳಿತ್ತು, ಹಾಲಿನ ಗಾಡಿ ಅಂದುಕೊಂಡೆ ಎಂದೆ. ನಿಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲ — ಅದನ್ನೂ ಹೇಳಿದೆ. ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ ಎಂದರು ಯಾರೋ. ಹಾಗಾದರೆ ಐವರೂ ತಮ್ಮ ತಮ್ಮ ಖಣ ತೋರಿಸಲಿ ಎಂದು ನೀನೇ ಕೇಳಿಕೊಂಡೆ. ಮೂವರು ಓಡಿಹೋಗಿ ತಂದರು. ಒಬ್ಬಳು ಹೊಲಿಸಿ ಮೈಮೇಲೇ ಹಾಕಿಕೊಂಡಿದ್ದಳು. ಐದನೆಯವಳು ನಾನು.

ಗಾಳಿಗೆ ಖಣ ಸರಿದು ಅರ್ಧ ಗಾಜು ಕಾಣುತ್ತಿತ್ತು. ಅದರಲ್ಲಿ ನೀನಿದ್ದೆ, ಹಿಟ್ಟಿನ ಕೈ ಮುಂದೆ ಚಾಚಿ. ನೀಲಮ್ಮನವರಿದ್ದರು. ಉಳಿದವರೆಲ್ಲ ಸೊಟ್ಟಸೊಟ್ಟಗೆ. ನನ್ನನ್ನು ಹುಡುಕಿದೆ — ಕಾಣಲಿಲ್ಲ. ನಾನು ಇರಬೇಕಾದಲ್ಲಿ ಸೆರಗು ಹೊದ್ದ ಒಬ್ಬ ಹೆಂಗಸು ಕುಳಿತಿದ್ದಳು. ನಮ್ಮಲ್ಲಿ ಯಾರೂ ಕುಳಿತಿರಲಿಲ್ಲ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನನ್ನ ಬಾಯಿ ಹೇಳಿತು: “ನಂದು ಪೆಟ್ಟಿಗ್ಯಾಗ ಐತಿ.”

ತೋರಿಸು ಎಂದು ಯಾರೂ ಅನ್ನಲಿಲ್ಲ. ದಿನಾ ದೀಪ ಹಚ್ಚುವವಳು, ಸೋಮವಾರ ಒಪ್ಪತ್ತು ಮಾಡುವವಳು; ನಮ್ಮ ಟಿವಿಯನ್ನು ಗುಜರಿಯವನು ಒಯ್ದದ್ದನ್ನು ಓಣಿಯೆಲ್ಲ ಕಂಡಿತ್ತು. ಆದರೆ ನೀನು ಕೇಳಬಹುದಿತ್ತು. ನೀನಾದರೂ. ನೀನು ನನ್ನ ಮುಖವನ್ನೇ ನೋಡಿ, ಮೆಲ್ಲಗೆ ಅಂದೆ: “ಗಿರಿಜಕ್ಕ ಸುಳ್ಳ ಹೇಳಾಕಿ ಅಲ್ಲ. ಮತ್ತ ಇದು ಎಲ್ಲಿಂದ ಬಂತೋ, ನನಗ ತಿಳಿವಲ್ದು.”

ಆ ಸಂಜೆ ದೀಪದ ಮುಂದೆ ಕುಳಿತು ಎಣಿಸಿದೆ. ನೀರು ಬಂತು — ಒಂದು. ಯಜಮಾನರು ಬಂದರು — ಎರಡು. ಯಾರೂ ಪೆಟ್ಟಿಗೆ ತೆಗೆಸಲಿಲ್ಲ — ಮೂರು. ಹೌದು, ಅದನ್ನೂ ದೇವರ ಉಪಕಾರದ ಲೆಕ್ಕಕ್ಕೆ ಹಾಕಿದೆ. ಮೂರನೆಯ ಬೆರಳು ಮಡಿಸಿದಾಗ ಪಡಸಾಲೆಯ ಆ ಖಾಲಿ ಮೂಲೆಯಿಂದ ಸಣ್ಣ ಶಿಳ್ಳೆ ಕೇಳಿತು — ಹಳೆಯ ಟಿವಿ ಹಚ್ಚಿದಾಗ ಚಿತ್ರ ಬರುವ ಮೊದಲು ಕಿವಿಯಲ್ಲಿ ಗುಂಯ್ ಅನ್ನುವುದಲ್ಲ, ಅದು. ಹಚ್ಚಲು ಅಲ್ಲಿ ಏನೂ ಇರಲಿಲ್ಲ. ಯಜಮಾನರಿಗೆ ಕೇಳಿಸಲಿಲ್ಲ. ಸುಮ್ಮನಿರು, ನಾಲ್ಕು ದಿನಕ್ಕೆ ಜನ ಮರೆಯುತ್ತಾರೆ ಎಂದರು. ಅವರ ಮೇಲೆ ಹಾಕುವುದಿಲ್ಲ, ಸುಮ್ಮನಿದ್ದದ್ದು ನಾನು.

ಜನ ಮರೆಯಲಿಲ್ಲ. ಮಾಟ ಮಾಡಿದ ಕೈಯ ರೊಟ್ಟಿ ಯಾರು ತಿನ್ನುತ್ತಾರೆ? ಮೊದಲು ನೀಲಮ್ಮನವರು ಬಿಟ್ಟರು, ಆಮೇಲೆ ಖಾನಾವಳಿಯವರು ಬೇಡವೆಂದರು. ನಾನೂ ಬಿಟ್ಟೆ, ಹುಲಿಗೆಮ್ಮ. ಈ ಕಾಗದದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಸಾಲು ಇದು. ಸತ್ಯ ಗೊತ್ತಿದ್ದವಳು ನಾನೊಬ್ಬಳೇ. ಕೊಂಡರೆ ಯಾರಾದರೂ ಏನಾದರೂ ಅಂದುಕೊಂಡಾರು ಎಂದು ಬಿಟ್ಟೆ. ಅದಕ್ಕಿಂತ ಕೆಟ್ಟದ್ದೂ ಇದೆ. ಒಂದು ದಿನ ನೀನು ಎದುರಿಗೆ ಬಂದಾಗ ನನ್ನ ಕಾಲುಗಳು ತಾವಾಗಿಯೇ ಪಕ್ಕಕ್ಕೆ ಸರಿದವು. ನಾನು ಇಟ್ಟ ಮಾಟಕ್ಕೆ ನಾನೇ ನಿನ್ನನ್ನು ನೋಡಿ ಹೆದರಿದೆ.

ವರ್ಷ ತುಂಬುವುದರೊಳಗೆ ನಿನ್ನ ಒಲೆ ಆರಿತು. ಹಂಚು, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿ ಹೇರಿಕೊಂಡು ನೀನು ಮಗಳನ್ನು ಕೊಟ್ಟ ಯಲಬುರ್ಗಾಕ್ಕೆ, ತಂಗಿಯ ಮನೆಗೆ ಹೋದೆ. ಹೋಗುವ ದಿನ ನನ್ನ ಬಾಗಿಲಿಗೆ ಬಂದು ಹೋಗಿ ಬರತೀನಕ್ಕ ಎಂದೆ. ಊರು ಬಿಟ್ಟು ಹೋಗುವ ಹೆಣ್ಣುಮಗಳಿಗೆ ನಾನು ಕುಂಕುಮ ಕೊಟ್ಟೆ. ಉಡಿ ತುಂಬಲಿಲ್ಲ. ಪೆಟ್ಟಿಗೆ ತೆಗೆಯಲು ಕೈ ಬರಲಿಲ್ಲ. ಒಂದು ಟಿವಿಗೆ ತುಂಬಿದ ಉಡಿಯನ್ನು ನಿನಗೆ ತುಂಬಲಿಲ್ಲ.

ಆ ಟಿವಿ ಇನ್ನೂ ಅಲ್ಲಿಯೇ ಇದೆ. ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಕಸದ ಗಾಡಿ ಕಟ್ಟೆ ಬಂದಾಗ ಹಾಡು ಬಂದ್ ಮಾಡಿಕೊಂಡು ದಾಟುತ್ತದೆ. ಮೊದಲು ಯಾರೋ ಅದರ ಮುಂದೆ ಒಂದು ನಿಂಬೆಹಣ್ಣು ಇಟ್ಟರು, ನಮ್ಮ ಮನೆಗೆ ಬರಬೇಡ ಎಂದು. ಆಮೇಲೆ ಬಳೆ ಬಂದವು, ಎಣ್ಣೆ ಬಂತು. ಈಗ ಇರಕಲ್ಲಗಡದ ಕಡೆಯವರೂ ಮಕ್ಕಳಿಗೆ ಜ್ವರ ಬಂದರೆ ಬಂದು ಕಾಯಿ ಒಡೆದು ಹೋಗುತ್ತಾರೆ. ಗೂನಿನ ಮೇಲೆ ಕುಂಕುಮ ಮೆತ್ತಿಕೊಂಡಿದೆ. ನಿನ್ನ ಖಣ ಬಿಸಿಲಿಗೆ ಬಣ್ಣ ಕಳೆದುಕೊಂಡು ನೂಲುನೂಲಾಗಿದೆ, ಆದರೆ ಗಂಟು ಬಿಟ್ಟಿಲ್ಲ. ಅದು ನನ್ನ ಗಂಟು.

ನಿನ್ನೆ ಮಧ್ಯಾಹ್ನ ಒಬ್ಬಳೇ ಹೋದೆ. ಬಿಸಿಲಿಗೆ ಸೆರಗು ಹೊದ್ದಿದ್ದೆ. ಮೊಣಕಾಲು ನೋವಿಗೆ ಕಟ್ಟೆಯ ಅಂಚಿನಲ್ಲಿ ಕುಳಿತು, ಖಣ ಸರಿಸಿ, ಗಾಜಿನ ಎಣ್ಣೆ ಒರೆಸಿದೆ. ಒಳಗೆ ಅವಳಿದ್ದಳು — ಸೆರಗು ಹೊದ್ದು ಕುಳಿತವಳು. ಈ ಸಲ ನಾನು ತಿರುಗಿ ನೋಡಲಿಲ್ಲ. ಕೈ ಎತ್ತಿದೆ. ಅವಳೂ ಎತ್ತಿದಳು.

ಅಲ್ಲಿಂದ ಎದ್ದು ಬಂದು, ಅದನ್ನು ಮನೆಗೆ ತರುತ್ತೇನೆ ಎಂದು ಯಜಮಾನರಿಗೆ ಹೇಳಿದೆ. “ತಂದು ಎಲ್ಲಿ ಇಡತಿ?” ಎಂದರು. ಮೊದಲು ಎಲ್ಲಿತ್ತೋ ಅಲ್ಲಿಯೇ ಎಂದೆ.

ನಾಳೆ ನಳಕ್ಕೆ ನೀರು ಬಂದು ಹೆಂಗಸರೆಲ್ಲ ಕೊಡ ಹಿಡಿದು ನಿಂತಿರುವ ಹೊತ್ತಿಗೆ ಹೋಗುತ್ತೇನೆ. ನೀಲಮ್ಮನವರ ಎದುರಿಗೆ ನನ್ನ ಗಂಟನ್ನು ನಾನೇ ಬಿಚ್ಚುತ್ತೇನೆ. ಬೈಯಲಿ, ಹೆದರಲಿ, ನನ್ನ ಬಾಗಿಲಿಗೆ ಬರುವುದನ್ನು ಬಿಡಲಿ. ಯಾರೂ ಒಯ್ಯಲೊಲ್ಲದ ಆ ಭಾರವನ್ನು ಅವರು ನೋಡುತ್ತಿರುವಾಗಲೇ ಗಾಡಿಗೆ ಏರಿಸಿ ಮನೆಗೆ ತರುತ್ತೇನೆ. ಇನ್ನು ಅದು ಎಲ್ಲಿಗೂ ಹೋಗುವುದು ಬೇಡ.

ಆಮೇಲೆ ನಾಲ್ಕು ದಿನ ಬಿಟ್ಟು ಯಲಬುರ್ಗಾದ ಬಸ್ಸು ಹತ್ತುತ್ತೇನೆ. ನಾನು ಬರುವ ಮೊದಲೇ ಈ ಕಾಗದ ನಿನ್ನ ಕೈ ಸೇರಿರಲಿ. ಬಾಗಿಲು ಹಾಕಿಕೊಳ್ಳಬೇಕೆನಿಸಿದರೆ ಹಾಕಿಕೋ. ನಾನು ನಿಮ್ಮ ಓಣಿಯ ನಡುವೆ ನಿಂತು, ಅಲ್ಲಿಯವರಿಗೂ ಕೇಳುವಂತೆ, ಅದು ಯಾರ ಟಿವಿ ಎಂದು ಹೇಳಿ ಹೋಗುತ್ತೇನೆ.