ಕನ್ನಡದಲ್ಲಿ ಕಲಿಸಿದ ಇಂಗ್ಲಿಷು

ದೇವದುರ್ಗದಲ್ಲಿ ನಾನು ಹೈಸ್ಕೂಲು ಓದುವಾಗ, ಇಂಗ್ಲಿಷ್ ತಾಸಿನಲ್ಲಿ ಕನ್ನಡ ಮಾತಾಡಿದವರು ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಬೇಕಿತ್ತು. ಎಂಟನೆಯ ತರಗತಿಯ ಅರ್ಧ ವರ್ಷ ಅಲ್ಲೇ ನಿಂತೆ. ಉಳಿದರ್ಧ ಬಾಯಿ ಮುಚ್ಚಿಕೊಂಡು ಒಳಗೆ ಕುಳಿತೆ. ಮೇಷ್ಟ್ರು ಕೆಟ್ಟವರಲ್ಲ. ಕಿವಿಗೆ ಇಂಗ್ಲಿಷು ಬೀಳುತ್ತಿದ್ದರೆ ಬಾಯಿಗೆ ತಾನಾಗಿ ಬರುತ್ತದೆ ಎಂದು ನಂಬಿದ್ದರು. ಕೂಲಿಗೆ ಹೋಗುತ್ತಿದ್ದ ಅವ್ವ ಒಮ್ಮೆ ಕೇಳಿದಳು, “ಇಂಗ್ಲಿಷ್ ಹೆಂಗ ನಡದದ?”

“ನಡದಿಲ್ಲವ್ವ, ನಿಂತದ” ಅಂದೆ.

ನನಗೆ ಇಂಗ್ಲಿಷು ಬಂದದ್ದು ರಾಯಚೂರಿನ ಹಾಸ್ಟೆಲಿನಲ್ಲಿ. ನನಗಿಂತ ಎರಡು ವರ್ಷ ದೊಡ್ಡವಳಾದ ರೂಮಿನ ಗೆಳತಿ ಪ್ರತಿಯೊಂದು ವಾಕ್ಯವನ್ನೂ ನಮ್ಮ ಮಾತಿಗೆ ಹಚ್ಚಿ ಹೇಳಿಕೊಟ್ಟಳು. ಮುಂದೆ ಬಿ.ಎಡ್ ಮುಗಿಸಿ, ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಇಂಗ್ಲಿಷ್ ಟೀಚರಾಗಿ ಬಂದಾಗ ನಾನೂ ಅವಳ ಹಾದಿಯನ್ನೇ ಹಿಡಿದೆ. “ಅವ್ವ ಹತ್ತಿ ಬಿಡಸ್ತಾಳ” ಅಂದರೇನು, “ಅವ್ವ ಹತ್ತಿ ಬಿಡಸಾಕತ್ತಾಳ” ಅಂದರೇನು ಎಂದು ಮಕ್ಕಳನ್ನು ಕೇಳುತ್ತಿದ್ದೆ. ಮೊದಲನೆಯದು ದಿನದ ಕೆಲಸ, ಎರಡನೆಯದು ಈಗ ನಡೆಯುತ್ತಿರುವುದು. ಅದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ‘ಪಿಕ್ಸ್’, ‘ಈಸ್ ಪಿಕಿಂಗ್’ ಎಂದು ಪಕ್ಕದಲ್ಲಿ ಬರೆದರೆ ಸಾಕಿತ್ತು. ಆಮೇಲೆ ಉಳಿದ ತಾಸೆಲ್ಲ ಅವರು ಇಂಗ್ಲಿಷಿನಲ್ಲೇ ಮಾತಾಡಬೇಕು.

ಎರಡು ವರ್ಷದ ಹಿಂದೆ ರಾಯಚೂರಿನಲ್ಲಿ ಇಂಗ್ಲಿಷ್ ಟೀಚರುಗಳಾದ ನಮಗೆ ಐದು ದಿನದ ತರಬೇತಿ ಇತ್ತು. ತರಬೇತಿ ಕೊಡಲು ಬಂದವರು ಮೊದಲ ದಿನವೇ ಮೇಜು ತಟ್ಟಿ ಹೇಳಿದರು, “ಇಂಗ್ಲಿಷ್ ಕ್ಲಾಸಿನಾಗ ಒಂದು ಕನ್ನಡ ಶಬ್ದ ಕೇಳಬಾರದು ನೋಡ್ರಿ.”

ನಾನು ಎದ್ದು ನಿಂತೆ. “ಸರ್, ಈ ಮಾತು ನಮಗ ಕನ್ನಡದಾಗ ಯಾಕ ಹೇಳಿದ್ರಿ?”

“ನಿಮಗ ತಿಳೀಲಿ ಅಂತ.”

“ನಾನೂ ಮಕ್ಕಳಿಗೆ ಅದಕ್ಕ ಹೇಳ್ತೀನ್ರಿ.”

ಕೋಣೆಯಲ್ಲಿ ನಗು ಎದ್ದಿತು. ಅವರು ನಗಲಿಲ್ಲ. ಪಾಠ ಪೂರ್ತಿ ಕನ್ನಡದಲ್ಲೇ ಓದಿ ಹೇಳಿ, ಪ್ರಶ್ನೋತ್ತರ ಬರೆಸಿ ಕೈ ತೊಳೆದುಕೊಳ್ಳುವ ಟೀಚರುಗಳು ಬಹಳ ಇದ್ದಾರೆ ಎಂದರು. ಆ ದೂರು ಸುಳ್ಳಲ್ಲ ಎಂದು ನನಗೂ ಗೊತ್ತು. ಆದರೆ ಆ ಟೀಚರುಗಳ ತಪ್ಪಿಗೆ ಮಕ್ಕಳ ಬಾಯಿಗೆ ಬೀಗ ಹಾಕಲು ನನಗೆ ಮನಸ್ಸಾಗಲಿಲ್ಲ.

ಅದೇ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ತಪಾಸಣೆಗೆಂದು ಅಧಿಕಾರಿಯೊಬ್ಬರು ನಮ್ಮ ಶಾಲೆಗೆ ಬಂದರು. ನನ್ನ ಕನ್ನಡ ಅವರಿಗೆ ಬಾಗಿಲಲ್ಲೇ ಕೇಳಿಸಿತು. “ಇದು ಇಂಗ್ಲಿಷ್ ಪೀರಿಯಡ್ ಹೌದೋ ಅಲ್ಲೋ?” ಎಂದು ಡೈರಿ ತೆಗೆದರು.

“ಹೌದ್ರಿ. ಬರಕೊಳ್ರಿ, ಬ್ಯಾಡನ್ನಂಗಿಲ್ಲ. ಆದ್ರ ಐದು ನಿಮಿಷ ಕೂತು ಹುಡುಗರನ್ನ ನೀವ ಕೇಳಿ ನೋಡ್ರಿ.”

ಅವರು ಎರಡನೆಯ ಸಾಲಿನ ಹುಡುಗಿಯನ್ನು ಎಬ್ಬಿಸಿ ಇಂಗ್ಲಿಷಿನಲ್ಲಿ ಕೇಳಿದರು, “ವಾಟ್ ಡಸ್ ಯುವರ್ ಫಾದರ್ ಡೂ?”

ಆ ಹುಡುಗಿಯ ಅಪ್ಪ ತೀರಿಹೋಗಿ ವರ್ಷವಾಗಿತ್ತು. ಅವಳ ತುಟಿ ಅಲುಗುವುದು ಕಾಣುತ್ತಿತ್ತು. ಒಳಗೆ ಕನ್ನಡದಲ್ಲಿ ಹೊಂದಿಸಿಕೊಳ್ಳುತ್ತಿದ್ದಾಳೆ ಎಂದು ನನಗೊಬ್ಬಳಿಗೇ ಗೊತ್ತು.

“ಐ ಹ್ಯಾವ್ ನೋ ಫಾದರ್, ಸರ್. ಮೈ ಮದರ್ ಪಿಕ್ಸ್ ಕಾಟನ್. ಟುಡೇ ಶಿ ಈಸ್ ನಾಟ್ ಪಿಕಿಂಗ್. ಶಿ ಹ್ಯಾಸ್ ಫೀವರ್.”

ಅಧಿಕಾರಿಯ ಕೈ ಡೈರಿಯ ಮೇಲೆ ನಿಂತಿತು. ಮೆತ್ತಗೆ ಕೇಳಿದರು, “ದವಾಖಾನಿಗೆ ತೋರಿಸೀರೇನವ್ವ?”

“ಟುಮಾರೋ, ಸರ್” ಅಂದಳು ಹುಡುಗಿ. ಅವಳು ಇಂಗ್ಲಿಷ್ ಬಿಡಲಿಲ್ಲ.

ಇಷ್ಟಾದರೂ ವಾರದೊಳಗೆ ನನಗೆ ನೋಟೀಸು ಬಂತು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಿದ್ದಕ್ಕೆ ವಿವರಣೆ ಕೊಡಬೇಕು. ಹೆಡ್‌ಮಾಸ್ತರರು ನನ್ನನ್ನು ಕರೆದು ಕುರ್ಚಿ ಹಾಕಿಸಿದರು. “ತಪ್ಪಾತು ಅಂತ ಎರಡು ಸಾಲು ಬರದು ಕೊಡ್ರಿ ಮೇಡಂ. ಮುಗದು ಹೋಗ್ತದ.”

“ತಪ್ಪಾಗಿಲ್ಲಲ್ರೀ ಸರ್. ಹೆಂಗ ಬರೀಲಿ?”

ವಿವರಣೆ ಬರೆದೆ. ಮನೆಯ ಮಾತನ್ನು ಹೊರಗೆ ನಿಲ್ಲಿಸಿದರೆ ಮಗುವೂ ಹೊರಗೇ ನಿಲ್ಲುತ್ತದೆ, ಹಾಗೆ ನಿಂತವಳು ನಾನೇ ಎಂದು ಬರೆದೆ. ಜೊತೆಗೆ ಮಕ್ಕಳು ತಾವಾಗಿ ಬರೆದ ಇಂಗ್ಲಿಷ್ ಹಾಳೆಗಳನ್ನು ತಪ್ಪು ತಿದ್ದದೆ ಹಾಗೆಯೇ ಹೊಲಿದು ಕಳಿಸಿದೆ. ತಪ್ಪುಗಳಿದ್ದವು. ಇರಲಿ, ಅವು ಮಾತಾಡಿದವರ ತಪ್ಪುಗಳು.

ಇವತ್ತಿಗೂ ಉತ್ತರ ಬಂದಿಲ್ಲ. ನೋಟೀಸನ್ನು ಹಿಂದಕ್ಕೆ ತೆಗೆದುಕೊಂಡಿದ್ದೂ ಇಲ್ಲ. ಅದು ನನ್ನ ಫೈಲಿನಲ್ಲಿದೆ. ಬಡ್ತಿಯ ಹೊತ್ತಿಗೆ ಯಾರಾದರೂ ಅದನ್ನು ಹೊರಗೆ ತೆಗೆದಾರು ಎಂಬುದೂ ನನಗೆ ಗೊತ್ತು. ತರಬೇತಿಯಲ್ಲಿ ಪರಿಚಯವಾದ ಇಬ್ಬರು ಶಿಕ್ಷಕಿಯರು ಮೊನ್ನೆ ಫೋನು ಮಾಡಿ, ತಾವೂ ಹೀಗೆಯೇ ಕಲಿಸುತ್ತಿದ್ದೇವೆ, ಆದರೆ ಬಾಗಿಲು ಮುಚ್ಚಿಕೊಂಡು ಎಂದರು. ನಾನು ಬಾಗಿಲು ತೆರೆದಿಟ್ಟೇ ಕಲಿಸುತ್ತೇನೆ.