ಏಳು ದಿನದ ಬುತ್ತಿ

ಪಕ್ಕದ ಮನೆಯಲ್ಲಿ ಬೆಳಗಿನಿಂದ ಸಜ್ಜೆ ರೊಟ್ಟಿ ಬಡಿಯುವ ಸದ್ದು. ಹಂಚಿನ ಮೇಲೆ ಎಳ್ಳು ಹುರಿದ ವಾಸನೆ ಕಿಟಕಿ ದಾಟಿ ನನ್ನ ಮೇಜಿನವರೆಗೂ ಬಂದಿದೆ. ಮಕ್ಕಳ ಉತ್ತರಪತ್ರಿಕೆ ತಿದ್ದಲು ಕೂತವಳು ಪೆನ್ನು ಕೆಳಗಿಟ್ಟೆ. ಈ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು, ತವರು ನೆನಪಾಗಬಹುದು. ನನಗೆ ಮಾತ್ರ ಯಾದಗಿರಿಯ ಒಂದು ದವಾಖಾನೆಯ ಎರಡನೇ ಮಹಡಿ ನೆನಪಾಗುತ್ತದೆ. ಏನು ಮಾಡುವುದು, ನನ್ನ ಮೂಗು ಅಂಥದ್ದು.

ನಾಲ್ಕು ವರ್ಷದ ಹಿಂದಿನ ಮಾತು. ನನಗಾಗ ನಲವತ್ತೈದು. ಶಹಾಪುರದ ಶಾಲೆಯೊಂದರಲ್ಲಿ ಆಗಲೂ ಕನ್ನಡ ಕಲಿಸುತ್ತಿದ್ದೆ, ಈಗಲೂ ಅದೇ ಕೆಲಸ. ತಿಂಗಳಿಗೆ ನಾಲ್ಕು ದಿನವಿದ್ದ ಮುಟ್ಟು ಹತ್ತು ದಿನವಾಯಿತು, ಹದಿನೈದಾಯಿತು, ಆಮೇಲೆ ಅದು ನಿಲ್ಲುವುದು ಯಾವಾಗ, ಶುರುವಾಗುವುದು ಯಾವಾಗ ಎಂಬುದೇ ತಿಳಿಯದಂತಾಯಿತು. ತಿಳಿ ಬಣ್ಣದ ಸೀರೆಗಳನ್ನೆಲ್ಲ ಟ್ರಂಕಿಗೆ ಹಾಕಿದೆ. ಬೋರ್ಡಿನ ಮುಂದೆ ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಜೊತೆಯ ಶಿಕ್ಷಕಿಯೊಬ್ಬರು ಇತ್ತೀಚೆಗೆ ಬೆಳ್ಳಗಾಗಿದ್ದೀರಿ ಎಂದಾಗ ಹೊಗಳಿಕೆ ಎಂದು ತಿಳಿದು ಎರಡು ದಿನ ಖುಷಿಯಲ್ಲಿದ್ದೆ. ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದೇನೆ ಎಂದು ಹೊಳೆಯುವಷ್ಟು ಬುದ್ಧಿ ಟೀಚರಿಗೆ ಇರಲಿಲ್ಲ.

ಮನೆಯವರಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಮುಟ್ಟಾದವರು ದೂರ ಕೂಡುವ ಪದ್ಧತಿ ಇಲ್ಲ. ಕೊರಳಲ್ಲಿ ಲಿಂಗವಿದ್ದವರಿಗೆ ಸೂತಕವಿಲ್ಲ ಎಂದು ನನ್ನ ಮದುವೆಯಾದ ಮೊದಲ ತಿಂಗಳೇ ಅತ್ತೆ ನನ್ನನ್ನು ಕರೆದು ಒಲೆಯ ಮುಂದೆ ಕೂರಿಸಿದ್ದರು. ಅದು ನನ್ನ ಪುಣ್ಯವೇ, ಇಲ್ಲವೆನ್ನುವುದಿಲ್ಲ. ಆದರೆ ಎದುರು ಮನೆಯ ಹೆಂಗಸು ಕಟ್ಟೆಯ ಮೇಲೆ ಕೂತಳೆಂದರೆ ಇಡೀ ಓಣಿಗೆ ಅವಳ ದಿನ ಗೊತ್ತು. ಐದನೇ ದಿನವೂ ಅಲ್ಲೇ ಕೂತಿದ್ದರೆ ಯಾರಾದರೊಬ್ಬರು ಏನವ್ವಾ ಎನ್ನುತ್ತಾರೆ. ನಾನು ರೊಟ್ಟಿ ಬಡಿಯುತ್ತ, ಪೂಜೆ ಮಾಡುತ್ತ, ಶಾಲೆಗೆ ಹೋಗಿ ಬರುತ್ತ ಎಂಟು ತಿಂಗಳು ಸಾಗಿಸಿಬಿಟ್ಟೆ. ದೂರ ಕೂಡುವುದೇ ಸರಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಓದಿಕೊಳ್ಳಬೇಡಿ. ಕೇಳುವವರು ಇರಬೇಕು ಎನ್ನುತ್ತಿದ್ದೇನೆ, ಅಷ್ಟೇ.

ಕೊನೆಗೆ ಒಂದು ದಿನ ಮೆಟ್ಟಿಲ ಮೇಲೆ ತಲೆತಿರುಗಿ ಕುಸಿದೆ. ಮನೆಯವರು ಒಂದು ಆಸ್ಪತ್ರೆಗೆ ಕರೆದೊಯ್ದರು. ಯಾವ ಆಸ್ಪತ್ರೆ ಎಂಬುದು ಬೇಡ. ಅಲ್ಲಿಯ ವೈದ್ಯರು ಸ್ಕ್ಯಾನಿಂಗ್ ಚೀಟಿ ನೋಡಿ, ಗರ್ಭಕೋಶದ ಒಳಪದರ ದಪ್ಪಗಾಗಿದೆ, ಮಕ್ಕಳಿಬ್ಬರು ಬೆಳೆದಿದ್ದಾರೆ, ಇನ್ನು ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ತೆಗೆದುಬಿಡೋಣ ಎಂದರು. ದಿನವನ್ನೂ ಬರೆದುಕೊಟ್ಟರು. ಹಳೇ ಸೀರೆ ತೆಗೆದು ಪಾತ್ರೆ ಮಾರುವ ಬೋಗಾರನಿಗೆ ಹಾಕುವಷ್ಟು ಸಲೀಸಾಗಿ ಮಾತು ಮುಗಿಯಿತು.

ಇಲ್ಲಿ ನಿಮಗೆ ಶರಣಮ್ಮಕ್ಕನ ಪರಿಚಯ ಮಾಡಿಸಬೇಕು. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ, ಗೋಗಿ ಎಂಬ ಹಳ್ಳಿಯಲ್ಲಿ ಇರುತ್ತಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೊಲ, ಎಮ್ಮೆ, ಮನೆ ಮೂರನ್ನೂ ನಡೆಸುವವಳು, ಗಂಡಸರು ಕೂತಲ್ಲಿ ಮಾತ್ರ ಬಾಯಿ ತೆರೆಯದವಳು. ಇದೇ ಕಾಯಿಲೆಗೆ ಮೂವತ್ತೆರಡಕ್ಕೇ ಗರ್ಭಕೋಶ ತೆಗೆಸಿಕೊಂಡಿದ್ದಳು. ನಮ್ಮ ಕಡೆ ಅದಕ್ಕೆ ಚೀಲ ತೆಗೆಸುವುದು ಎನ್ನುತ್ತಾರೆ. ಕಿವಿ ಚುಚ್ಚಿಸಿದೆ ಎಂಬಂತೆ ಹೇಳಿಬಿಡುತ್ತಾರೆ. ಅಕ್ಕನ ಓಣಿಯಲ್ಲಿ ಚೀಲ ಇದ್ದವರನ್ನು ಎಣಿಸುವುದೇ ಸುಲಭ.

ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿಕೊಂಡೆ. “ತೆಗಿಸಿ ಒಗಿಯವ್ವ ಅತ್ತಾಗ,” ಎಂದಳು. “ನಾ ತೆಗಿಸಿಲ್ಲೇನು? ಆರು ತಿಂಗಳ ಭಾರ ಎತ್ತಬ್ಯಾಡ, ಅಷ್ಟ.”

ಹೂಂ ಎಂದೆ. ಆದರೆ ನನಗೆ ಭಯ. ಕತ್ತರಿಯ ಭಯ ಒಂದು, ಒಳಗೆ ಕ್ಯಾನ್ಸರ್ ಇದ್ದರೇನು ಗತಿ ಎಂಬ ಭಯ ಇನ್ನೊಂದು. ಆ ಪುಕ್ಕಲುತನಕ್ಕೇ, ಯಾರಾದರೂ ಬೇಡ ಎಂದಾರೇನೋ ಎಂಬ ಆಸೆಗೇ, ಯಾದಗಿರಿಯ ಇನ್ನೊಬ್ಬ ವೈದ್ಯೆಯ ಬಳಿ ಹೋದೆ. ಧೈರ್ಯವಂತೆಯಾಗಿದ್ದರೆ ಹೋಗುತ್ತಲೇ ಇರಲಿಲ್ಲ.

ಆಕೆ ಕಾಗದ ಎಲ್ಲ ತಿರುವಿ ನೋಡಿ, ಒಳಗೆ ಯಾರಾದರೂ ನೋಡಿದ್ದಾರಾ ಎಂದು ಕೇಳಿದರು. ಸ್ಕ್ಯಾನಿಂಗ್ ಆಗಿದೆಯಲ್ಲ ಎಂದೆ. ಅದು ಹೊರಗಿನಿಂದ ನೋಡಿದ್ದು ಎಂದರು. ಸಣ್ಣ ಕೊಳವೆಯ ತುದಿಗೆ ಕ್ಯಾಮೆರಾ ಇರುತ್ತದಂತೆ. ಹೊಟ್ಟೆ ಕೊಯ್ಯದೆ, ಮಗು ಬರುವ ದಾರಿಯಿಂದಲೇ ಅದನ್ನು ಗರ್ಭಕೋಶಕ್ಕೆ ಬಿಟ್ಟು, ಸಲೈನ್ ನೀರು ತುಂಬಿ ಒಳಗನ್ನು ಅಗಲ ಮಾಡಿ ಕಣ್ಣಾರೆ ನೋಡುವುದು. ಏನಾದರೂ ಬೆಳೆದಿದ್ದರೆ ಅದೇ ದಾರಿಯಲ್ಲಿ ತೆಗೆಯುವುದು, ಚೂರು ಪರೀಕ್ಷೆಗೆ ಕಳಿಸುವುದು. ಹಿಸ್ಟರೋಸ್ಕೋಪಿ ಎಂದು ಚೀಟಿಯ ಮೇಲೆ ಬರೆದರು. ನನ್ನ ಮುಖ ನೋಡಿ ನಕ್ಕು, “ಹಗೇವಕ್ಕ ಇಳಿಯೂಕಿಂತ ಮೊದಲ ದೀಪ ಬಿಟ್ಟು ನೋಡ್ತಾರಲ್ರಿ, ಹಂಗ ಇದು,” ಎಂದರು. ಜೋಳ ತುಂಬಿಡುವ ನೆಲದ ಹಗೇವು ನೋಡಿ ಬೆಳೆದವಳಿಗೆ ಅಷ್ಟು ಸಾಕಾಯಿತು.

ಜೊತೆಗೆ ಬಾ ಎಂದು ಅಕ್ಕನನ್ನು ಕರೆದೆ. ಬರೀ ನೋಡುವುದು, ಸಂಜೆಗೆ ವಾಪಸ್ಸು ಎಂದು ಬಿಡಿಸಿ ಹೇಳಿದ್ದೆ. ಆದರೆ ದವಾಖಾನೆಗೆ ಚೀಲದ ಸಲುವಾಗಿ ಹೋದವರು ಸಂಜೆಗೆ ವಾಪಸ್ಸು ಬಂದದ್ದನ್ನು ಅಕ್ಕ ಜನ್ಮದಲ್ಲಿ ಕಂಡಿರಲಿಲ್ಲ. ಬಂದಳು ನೋಡಿ: ಎಳ್ಳು ಹಚ್ಚಿ ಒಣಗಿಸಿದ ಸಜ್ಜೆಯ ಕಟಕ್ ರೊಟ್ಟಿ ಎರಡು ಬುಟ್ಟಿ, ಹಚ್ಚಿಕೊಳ್ಳಲು ಶೇಂಗಾದ್ದೊಂದು ಗುರೆಳ್ಳಿನದ್ದೊಂದು ಹಿಂಡಿ ಚಟ್ನಿಪುಡಿ, ಹೊದೆಯಲು ಕೌದಿ, ಚಾಪೆ, ತಂಬಿಗೆ. ಏಳು ದಿನದ ಬುತ್ತಿ. ಅವಳನ್ನು ನೋಡಿ ನಗುವ ಹಾಗೂ ಇರಲಿಲ್ಲ. ನಾನೇ ಆಗಲೇ ತಿಂಗಳಿಗಾಗುವಷ್ಟು ಹಿಟ್ಟು ಗಿರಣಿಯಲ್ಲಿ ಹಾಕಿಸಿ, ಕುಕ್ಕರಿಗೆ ಎಷ್ಟು ಸೀಟಿ ಎಂದು ಗಂಡನಿಗೆ ಮೂರು ಸಲ ಪಾಠ ಹೇಳಿದ್ದೆ. ಡಾಕ್ಟರ ಮಾತು ತಲೆಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಹೋದೆವು. ಮೂತ್ರ ಪರೀಕ್ಷೆ ಮಾಡಿ ಬಸುರಿಯಲ್ಲ ಎಂದು ಖಾತ್ರಿಪಡಿಸಿಕೊಂಡರು. ನಲವತ್ತೈದರ ಟೀಚರಿಗೆ ಅದೂ ಒಂದು ಗೌರವವೇ. ಬಳೆ, ಓಲೆ ಬಿಚ್ಚಿಸಿದರು. ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿ ಕರಡಿಗೆಯೂ ಬೇಡವೆಂದರು. ಮೈ ಬಿಟ್ಟು ಲಿಂಗ ಇಳಿಸುವುದು ಹೇಗೆ ಎಂದು ನಾನು ಅಳುಮೋರೆ ಮಾಡಿದಾಗ ಡಾಕ್ಟರು ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿ ಮುಂಗೈಗೆ ಕಟ್ಟಿಕೊಳ್ಳಲು ಬಿಟ್ಟರು. ಮೇಜಿನ ಮೇಲೆ ಮಲಗಿಸಿ ಕಾಲು ಎತ್ತಿ ಕಟ್ಟಿದಾಗ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ನರಕ್ಕೆ ಮಂಪರಿನ ಸೂಜಿ ಚುಚ್ಚಿ, ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿದರು. ಉತ್ತರ ಪೂರ್ತಿ ಹೇಳಿದೆನೋ ಇಲ್ಲವೋ.

ಎಚ್ಚರವಾದಾಗ ಬಾಯಿ ಒಣಗಿತ್ತು, ಕಿಬ್ಬೊಟ್ಟೆಯಲ್ಲಿ ಮುಟ್ಟಿನ ಮೊದಲ ದಿನದಂಥ ನೋವು. ಅರ್ಧ ಗಂಟೆಯೂ ಆಗಿರಲಿಲ್ಲವಂತೆ. ಡಾಕ್ಟರು ಫೋಟೋ ತೋರಿಸಿದರು. ನಸುಗೆಂಪು ಗೋಡೆ, ಅದಕ್ಕೆ ಅಂಟಿಕೊಂಡು ಶೇಂಗಾ ಕಾಳಿನಷ್ಟು ಒಂದು ಗಡ್ಡೆ. ಪಾಲಿಪ್ ಅಂತೆ. ತೆಗೆದಿದ್ದರು. ನೋಡಲಿಕ್ಕೆ ಕೆಟ್ಟದ್ದು ಅನ್ನಿಸುತ್ತಿಲ್ಲ, ಆದರೂ ವರದಿ ಬರುವವರೆಗೆ ಏನೂ ಹೇಳುವುದಿಲ್ಲ ಎಂದರು. ಕೆಲವು ದಿನ ಸ್ವಲ್ಪ ಸ್ವಲ್ಪ ರಕ್ತ, ನೀರು ಹೋಗುತ್ತದೆ, ಹೆದರಬೇಡಿ. ಜ್ವರ ಬಂದರೆ, ವಾಸನೆ ಬಂದರೆ, ರಕ್ತ ಜಾಸ್ತಿಯಾದರೆ, ಹೊಟ್ಟೆನೋವು ಏರುತ್ತ ಹೋದರೆ ತಡಮಾಡದೆ ಬನ್ನಿ. ಒಂದೆರಡು ವಾರ ಗಂಡನ ಜೊತೆ ಮಲಗುವುದು ಬೇಡ. ಅಷ್ಟೇ ಪಥ್ಯ.

ಅಕ್ಕ ಒಳಗೆ ಬಂದವಳೇ ಹೊಲಿಗೆ ಎಷ್ಟು ಹಾಕಿದ್ದಾರೆ ಎಂದು ನನ್ನ ಹೊದಿಕೆ ಸರಿಸಿದಳು. ಹೊಟ್ಟೆಯ ಮೇಲೆ ಏನೂ ಇರಲಿಲ್ಲ. ಕೈಯಾಡಿಸಿ ನೋಡಿದಳು. ಚೀಲ ಒಳಗೇ ಇದೆ, ಸಂಜೆ ಮನೆಗೆ ಹೋಗುವುದು ಎಂದು ನರ್ಸು ಹೇಳಿದಾಗಲೂ ಅವಳ ಕೈ ಅಲ್ಲೇ ಇತ್ತು. ಡಾಕ್ಟರು ಹೊರಡಲು ತಿರುಗಿದರು.

“ಡಾಕ್ಟರಮ್ಮ, ನಂದು ಮೂವತ್ತೆರಡಕ್ಕ ತೆಗದ್ರು,” ಎಂದಳು ಅಕ್ಕ. “ಹಿಂಗ ನೋಡಿದ್ರ ಉಳೀತಿತ್ತೇನ್ರಿ?”

ಡಾಕ್ಟರು ಮತ್ತೆ ಬಂದು ಸ್ಟೂಲಿನ ಮೇಲೆ ಕೂತರು. “ಈಗ ಹೆಂಗ ಹೇಳ್ಲಿ, ಯವ್ವಾ? ಕೆಲವರಿಗೆ ತೆಗೀಲೇಬೇಕಾಗತೈತಿ. ನಿಮ್ಮದು ಹೆಂಗಿತ್ತೋ, ನೋಡಿದ್ರ ಗೊತ್ತಾಗ್ತಿತ್ತು.”

ಹೌದ್ರಿ ಎಂದು ಅಕ್ಕ ತಲೆಯಾಡಿಸಿದಳು. ಆಮೇಲೆ ಎದ್ದು ಬುಟ್ಟಿ ಬಿಚ್ಚಿ ನರ್ಸುಗಳಿಗೆ, ಪಕ್ಕದ ಮಂಚದವರಿಗೆ, ಕಸ ಗುಡಿಸುವವಳಿಗೆ ರೊಟ್ಟಿ ಹಂಚಿದಳು. ಮಹಡಿಯ ತುಂಬ ಎಳ್ಳಿನ ವಾಸನೆ. ಸಂಜೆ ಶಹಾಪುರದ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ತೊಗರಿ ಹೊಲ ನೋಡುತ್ತಿದ್ದಳು. ಅವಳ ಭುಜಕ್ಕೆ ಒರಗಿ ನಾನು ನಿದ್ದೆ ಹೋದೆ. ನನ್ನ ಚೀಲ ಉಳಿದಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ವರದಿಗೆ ಕಾದ ದಿನಗಳಲ್ಲಿ ಅನ್ನ ಸೇರಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಬಂತು. ಶಾಲೆಯ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಕಬ್ಬಿಣದ ಗುಳಿಗೆ ನುಂಗಿ ನುಂಗಿ ಮೂರು ತಿಂಗಳಲ್ಲಿ ನನ್ನ ಹಳೇ ಕಪ್ಪು ಬಣ್ಣ ವಾಪಸ್ಸು ಬಂತು.

ಇದನ್ನೆಲ್ಲ ಇವತ್ತು ಹೇಳಲು ಕಾರಣವಿದೆ. ಅಕ್ಕನ ಮಗನ ಹೆಂಡತಿ ಸುರಪುರದವಳು, ಇನ್ನೂ ಮೂವತ್ತೊಂದು. ಮೂರು ತಿಂಗಳಿಂದ ಅವಳಿಗೂ ಇದೇ ಕಾಟ. ಮಗ ಎಲ್ಲೋ ವಿಚಾರಿಸಿ ಚೀಲ ತೆಗೆಸಲು ದಿನ ಗೊತ್ತುಮಾಡಿ ಬಂದಿದ್ದನಂತೆ. ನಿನ್ನೆ ಅಕ್ಕ ಫೋನು ಮಾಡಿದ್ದಳು. ಗಂಡಸರೆಲ್ಲ ಕೂತಿದ್ದ ಪಡಸಾಲೆಗೆ ತಾನೇ ಹೋಗಿ, ಮೊದಲು ಒಳಗೆ ನೋಡಲಿ, ತೆಗೆಯುವ ಮಾತು ಆಮೇಲೆ ಎಂದಳಂತೆ. ಮಗ, ಅದರಲ್ಲೇನಿದೆ, ನೀನೂ ತೆಗೆಸಿಕೊಂಡು ಆರಾಮ ಇಲ್ಲವೇನು ಎಂದನಂತೆ.

“ನಾ ಆರಾಮ ಅದೀನಿ ಅಂತ ನಿನಗ ಯಾರು ಹೇಳ್ಯಾರ ಅಂದೆ,” ಎಂದಳು ಅಕ್ಕ. “ಅಲ್ಲೇ ಫೋನ್ ಹಚ್ಚಿ ಆ ದಿನ ಬ್ಯಾಡ ಅಂತ ಹೇಳಿದ.”

ಅವಳು ಆರಾಮ ಇದ್ದಾಳೆ ಎಂದು ಇಷ್ಟು ವರ್ಷ ನಾನೂ ತಿಳಿದಿದ್ದೆ. ನಾಳೆ ಮೂವರೂ ಯಾದಗಿರಿಗೆ ಹೊರಟಿದ್ದೇವೆ. ಸೊಸೆಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಬೆಂಚಿನ ಮೇಲೆ ನಾವಿಬ್ಬರೇ ಇರುತ್ತೇವೆ. ಅಕ್ಕಾ, ನಿನಗೆ ಏನಾಗಿತ್ತು ಎಂದು ಕೇಳಬೇಕು. ಕೇಳಿ, ಅವಳು ಹೇಳುವಷ್ಟು ಹೊತ್ತೂ ಪಕ್ಕದಲ್ಲೇ ಕೂಡಬೇಕು.